ಬುಲೆಟ್ಟಿನ ಐಡ್ಲಿಂಗ್: ಏರ್ ಸ್ಕ್ರೂ ಮುಟ್ಟುವ ಮೊದಲು

ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ 350 ಸಿಸಿ ಬುಲೆಟ್ ಇಟ್ಟುಕೊಂಡವರಿಗೆ ಐಡ್ಲಿಂಗ್, ಅಂದರೆ ರೇಸ್ ಕೊಡದೆ ಎಂಜಿನ್ ತಾನಾಗಿ ಓಡುತ್ತಿರುವ ವಿಷಯದಲ್ಲಿ ಸಲಹೆಗೆ ಬರವಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಒಮ್ಮೆ ಆಫ್ ಆದರೆ ಸಾಕು, ಪಕ್ಕದಲ್ಲಿ ನಿಂತವರೂ ಕಾರ್ಬೊರೇಟರ್ ಟ್ಯೂನ್ ಮಾಡಿಸಿ ಎನ್ನುತ್ತಾರೆ. ಗ್ಯಾರೇಜಿಗೆ ಒಯ್ದರೆ ಅಲ್ಲಿನ ಹುಡುಗ ಎರಡು ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ತಿರುವಿ, ಜೋರಾಗಿ ರೇಸ್ ಕೊಟ್ಟು, "ಈಗ ನೋಡಿ ಸರ್, ಹೆಂಗ್ ನಿಲ್ಲುತ್ತೆ" ಎಂದು ಕಳಿಸಿಕೊಡುತ್ತಾನೆ. ಕೆಲವು ದಿನ ನಿಲ್ಲುತ್ತದೆ, ಆಮೇಲೆ ಅದೇ ಹಾಡು. ನಾನು ಕಂಡ ಐಡ್ಲಿಂಗ್ ತೊಂದರೆಗಳಲ್ಲಿ ಬಹುಪಾಲು ಸ್ಕ್ರೂಗಳದ್ದಲ್ಲ. ಬೇರೆಲ್ಲೋ ಇರುವ ದೋಷವನ್ನು ಸ್ಕ್ರೂ ಕೆಲಕಾಲ ಮುಚ್ಚಿಡುತ್ತದೆ, ಅಷ್ಟೆ. ಆದ್ದರಿಂದ ಸ್ಕ್ರೂ ಹೊಂದಿಸುವುದು ಎಲ್ಲ ತಪಾಸಣೆ ಮುಗಿದ ಮೇಲಿನ ಕೆಲಸ. ಹೊಂದಿಸಿದ ಮೇಲೂ ಏರ್ ಸ್ಕ್ರೂ ಎಷ್ಟು ಸುತ್ತಿನಲ್ಲಿ ನಿಂತಿತು ಎಂಬುದನ್ನು ಗುರುತು ಹಾಕಿಕೊಂಡರೆ ಕಾರ್ಬೊರೇಟರಿನ ಒಳಗಿನ ಸ್ಥಿತಿ ಬಿಚ್ಚದೆಯೇ ತಿಳಿಯುತ್ತದೆ. ಅದನ್ನೇ ಇಲ್ಲಿ ತುಸು ವಿವರವಾಗಿ ಬರೆಯುತ್ತಿದ್ದೇನೆ.

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಿಕ್‌ಕಾರ್ಬ್ ವಿಎಂ24 ಕಾರ್ಬೊರೇಟರ್. ಅದರ ಮೈಮೇಲೆ ಎರಡು ಸ್ಕ್ರೂಗಳಿವೆ. ನಡುವೆ, ಸ್ಲೈಡ್ (ರೇಸ್ ಕೊಟ್ಟಂತೆ ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡು) ಇರುವ ಭಾಗದಲ್ಲಿ ಓರೆಯಾಗಿ ಕುಳಿತಿರುವ ದೊಡ್ಡದು ಸ್ಲೈಡ್ ಎಷ್ಟು ಕೆಳಗಿಳಿಯಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತದೆ. ಅದನ್ನು ಒಳಗೆ ತಿರುವಿದರೆ ಸ್ಲೈಡ್ ತುಸು ಮೇಲೆದ್ದು ಎಂಜಿನ್ನಿನ ವೇಗ ಹೆಚ್ಚುತ್ತದೆ. ಏರ್ ಫಿಲ್ಟರಿನ ಕಡೆಯ ಬಾಯಿಗೆ ಹತ್ತಿರವಿರುವ ಚಿಕ್ಕ ಹಿತ್ತಾಳೆಯ ಸ್ಕ್ರೂ ಏರ್ ಸ್ಕ್ರೂ. ಐಡ್ಲಿಂಗ್‌ನಲ್ಲಿ ಸ್ಲೈಡ್ ಬಹುತೇಕ ಮುಚ್ಚಿರುವಾಗ ಎಂಜಿನ್ನಿಗೆ ಪೆಟ್ರೋಲ್ ಸಿಗುವುದು ಪೈಲಟ್ ಜೆಟ್ ಎಂಬ ಸಣ್ಣ ತೂತಿನ ತುಂಡಿನಿಂದ. ನಮ್ಮ ಮೆಕ್ಯಾನಿಕ್‌ಗಳು ಅದನ್ನೇ ಸ್ಲೋ ಜೆಟ್ ಎನ್ನುತ್ತಾರೆ. ಆ ಜೆಟ್ಟಿನಿಂದ ಮೇಲೆ ಬರುವ ಪೆಟ್ರೋಲಿಗೆ ಎಷ್ಟು ಗಾಳಿ ಬೆರೆಯಬೇಕು ಎಂಬುದು ಏರ್ ಸ್ಕ್ರೂವಿನ ಕೈಯಲ್ಲಿದೆ. ಒಳಗೆ ತಿರುವಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ, ಹೊರಗೆ ತಿರುವಿದರೆ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ಇದು ಎಲ್ಲ ಕಾರ್ಬೊರೇಟರಿಗೂ ಹೊಂದುವ ಮಾತಲ್ಲ. ಕೆಲವು ಗಾಡಿಗಳಲ್ಲಿ ಈ ಚಿಕ್ಕ ಸ್ಕ್ರೂ ಸ್ಲೈಡಿನ ಆಚೆಗೆ, ಎಂಜಿನ್ನಿನ ಕಡೆಗೆ ಇರುತ್ತದೆ; ಅಲ್ಲಿ ಅದು ಪೆಟ್ರೋಲ್ ಬೆರೆತ ಮಿಶ್ರಣವನ್ನೇ ತಡೆದು ಬಿಡುವುದರಿಂದ ಲೆಕ್ಕ ತಿರುವುಮುರುವಾಗುತ್ತದೆ, ಒಳಗೆ ತಿರುವಿದರೆ ಲೀನ್. ಬೇರೆ ಗಾಡಿಯ ಸಲಹೆಯನ್ನು ಕೇಳಿ ತನ್ನ ಗಾಡಿಗೆ ಪ್ರಯೋಗಿಸುವವರು ಮೊದಲು ಈ ಸ್ಕ್ರೂ ಯಾವ ಕಡೆಗಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂಗಳ ಆಡಳಿತ ರೇಸ್ ಎಂಟನೇ ಒಂದು ಭಾಗ ತೆರೆಯುವವರೆಗೆ ಬಲವಾಗಿರುತ್ತದೆ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿರುವ ಭಾಗ, ಆಮೇಲೆ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗುವ ಸೂಜಿಯಾಕಾರದ ನೀಡಲ್, ಅದಕ್ಕೂ ಮೇಲೆ ಮೇನ್ ಜೆಟ್. ಹಾಗಾಗಿ ಅರವತ್ತರ ವೇಗದಲ್ಲಿ ಗಾಡಿ ಮಿಸ್ ಹೊಡೆಯುತ್ತಿದ್ದರೆ ಏರ್ ಸ್ಕ್ರೂ ತಿರುವಿ ಪ್ರಯೋಜನವಿಲ್ಲ. ಮೈಲೇಜ್ ಹೆಚ್ಚಿಸಿಕೊಡುತ್ತೇನೆಂದು ಏರ್ ಸ್ಕ್ರೂವನ್ನು ಹೊರಗೆ ತಿರುವಿಬಿಡುವ ಅಭ್ಯಾಸಕ್ಕೂ ಇದೇ ಉತ್ತರ: ಹೆದ್ದಾರಿಯಲ್ಲಿ ಖರ್ಚಾಗುವ ಪೆಟ್ರೋಲಿನ ಬಹುಪಾಲು ಆ ದಾರಿಯಿಂದ ಬರುವುದಿಲ್ಲ, ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗುವುದು ಮಾತ್ರ ಲಾಭ.

ಇನ್ನು ಐಡ್ಲಿಂಗ್ ಎಷ್ಟಿರಬೇಕು ಎಂಬ ಪ್ರಶ್ನೆ. ಬುಲೆಟ್ ಪ್ರಿಯರಲ್ಲಿ ಒಂದು ಚಟವಿದೆ. ಸದ್ದು ಡಗ್ ಡಗ್ ಎಂದು ಬಿಡಿಬಿಡಿಯಾಗಿ ಕೇಳಬೇಕೆಂದು ಐಡ್ಲಿಂಗನ್ನು ಇನ್ನೇನು ನಿಂತೇಹೋಯಿತು ಎನ್ನುವ ಮಟ್ಟಕ್ಕೆ ಇಳಿಸುತ್ತಾರೆ. ಕೇಳಲು ಸೊಗಸು, ನಿಜ. ಆದರೆ ಈ ಎಂಜಿನ್ನಿನ ಆಯಿಲ್ ಪಂಪ್ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ವೇಗಕ್ಕೆ ತಕ್ಕಷ್ಟೇ ಎಣ್ಣೆ ದೂಡುತ್ತದೆ. ಕ್ರ್ಯಾಂಕ್ ನಿಧಾನವಾದಷ್ಟೂ ಅದರ ಬಿಗ್ ಎಂಡ್ ಬೇರಿಂಗಿಗೂ ವಾಲ್ವ್ ಒತ್ತುವ ರಾಕರ್‌ಗಳಿಗೂ ಸೇರುವ ಎಣ್ಣೆ ಕಡಿಮೆಯಾಗುತ್ತದೆ. ಪಾಯಿಂಟ್ (ಸೇರಿ ಬಿಟ್ಟು ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಇರುವ ಗಾಡಿಗಳಲ್ಲಿ ಇನ್ನೊಂದು ತೊಂದರೆಯೂ ಉಂಟು. ಆಲ್ಟರ್ನೇಟರ್ ಆ ವೇಗದಲ್ಲಿ ಸಾಕಷ್ಟು ಕರೆಂಟ್ ಕೊಡುವುದಿಲ್ಲವಾದ್ದರಿಂದ ಕಿಡಿಗೆ ಬೇಕಾದದ್ದನ್ನು ಬ್ಯಾಟರಿಯಿಂದಲೇ ಎಳೆಯಬೇಕಾಗುತ್ತದೆ. ಹೆಡ್‌ಲೈಟಿನ ಪಕ್ಕದ ಆಂಪ್ ಮೀಟರಿನ ಮುಳ್ಳು ಮೈನಸ್ ಕಡೆಗೆ ವಾಲಿ ಅಲ್ಲೇ ತುಯ್ದಾಡುತ್ತದೆ. ಸಂಜೆ ಹೆಡ್‌ಲೈಟ್ ಹಾಕಿಕೊಂಡು ಸಂಚಾರದ ನಡುವೆ ನಿಂತಾಗ ಕಿಡಿ ದುರ್ಬಲವಾಗಿ ಎಂಜಿನ್ ಮಿಸ್ ಆಗತೊಡಗಿದರೆ ಅದನ್ನೂ ಕಾರ್ಬೊರೇಟರಿನ ತಲೆಗೇ ಕಟ್ಟುತ್ತಾರೆ. ನಾನು ಇಟ್ಟುಕೊಳ್ಳುವುದು 900ರಿಂದ 1,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಕ್ರ್ಯಾಂಕ್ ಸುತ್ತುವ ಸುತ್ತು. ಬುಲೆಟ್ಟಿಗೆ ಆರ್‌ಪಿಎಂ ಮೀಟರ್ ಇಲ್ಲ. ಪ್ಲಗ್ ವೈರಿಗೆ ಸುತ್ತುವ ಅಗ್ಗದ ಮೀಟರ್ ಸಿಗುತ್ತದೆ, ಪಾಯಿಂಟ್ ಇರುವ ಬುಲೆಟ್ಟಿನಲ್ಲಿ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಕಿಡಿ ಎಂದು ಅದರಲ್ಲಿ ಆರಿಸಿಕೊಳ್ಳಬೇಕು. ಮೀಟರ್ ಇಲ್ಲದಿದ್ದರೆ ಕಿವಿಯೇ ಸಾಕು. 1,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಬಡಿತ, 600ಕ್ಕೆ ಇಳಿಸಿದರೆ ಐದು. ಬಡಿತಗಳನ್ನು ಬಾಯಲ್ಲಿ ಎಣಿಸುತ್ತಾ ಹೋಗಲು ಸಾಧ್ಯವಾಗುತ್ತಿದೆ ಎಂದರೆ ಐಡ್ಲಿಂಗ್ ತೀರ ಕೆಳಗಿದೆ ಎಂದೇ ತಿಳಿಯಬೇಕು.

ಮಿಶ್ರಣ ಲೀನ್ ಆಗಿದೆಯೋ ರಿಚ್ ಆಗಿದೆಯೋ ಎಂಬುದನ್ನು ತಿಳಿಯಲು ಪ್ಲಗ್ಗಿನ ಬಣ್ಣವನ್ನು ನೋಡುವುದು ವಾಡಿಕೆ. ಐಡ್ಲಿಂಗ್ ಮಟ್ಟಿಗೆ ನನಗೆ ಅದಕ್ಕಿಂತ ಹೆಚ್ಚು ನಂಬಿಕೆ ಇರುವುದು ರೇಸ್ ಬಿಟ್ಟ ಮೇಲೆ ಎಂಜಿನ್ ಇಳಿಯುವ ಬಗೆಯಲ್ಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಮ್ಮೆ ರೇಸ್ ಕೊಟ್ಟು ಥಟ್ಟನೆ ಬಿಡಿ. ವೇಗ ಮೇಲೆಯೇ ತುಸು ಹೊತ್ತು ನೇತಾಡಿ, ಆಮೇಲೆ ನಿಧಾನವಾಗಿ ಇಳಿದರೆ ಮಿಶ್ರಣ ಲೀನ್. ಐಡ್ಲಿಂಗಿಗಿಂತಲೂ ಕೆಳಗೆ ಕುಸಿದು, ಆಫ್ ಆದಂತೆ ಮಾಡಿ, ಮತ್ತೆ ಚೇತರಿಸಿಕೊಂಡು ಮೇಲೆ ಬಂದರೆ ರಿಚ್. ಬಿಸಿಯಾದ ಎಂಜಿನ್ನಿಗೂ ಚೋಕ್ ಎಳೆದರೆ ಹಾಯೆನಿಸುವುದು ಲೀನ್ ಲಕ್ಷಣ. ತಣ್ಣಗಿದ್ದಾಗ ಸುಖವಾಗಿ ನಿಂತು, ಬಿಸಿಯಾದಂತೆ ಉಸಿರುಗಟ್ಟಿ, ಸೈಲೆನ್ಸರಿನ ಬಾಯಲ್ಲಿ ಒಣ ಮಸಿ ಕಟ್ಟುವುದು ರಿಚ್ ಲಕ್ಷಣ. ಇಳಿಜಾರಿನಲ್ಲಿ ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಎಂದು ಸಿಡಿಯುವುದನ್ನೂ ಲೀನ್ ಎಂದೇ ಹೇಳುವುದುಂಟು, ಆದರೆ ಬುಲೆಟ್ಟಿನಲ್ಲಿ ಹೊಗೆ ಹೊರಹೋಗುವ ಬೆಂಡ್ ಪೈಪ್ ಎಂಜಿನ್ನಿನ ಹೆಡ್ಡಿಗೆ ಸೇರುವ ಜಾಗದಲ್ಲಿ ಸಡಿಲಾಗಿ ಹೊರಗಿನ ಗಾಳಿ ಒಳಗೆ ಹೋದರೂ ಇದೇ ಸದ್ದು ಬರುತ್ತದೆ. ಆ ಜೋಡಣೆಯ ಸುತ್ತ ಕಪ್ಪು ಗೆರೆ ಕಂಡರೆ ಮೊದಲು ಅದನ್ನು ಸರಿಪಡಿಸಬೇಕು.

ಲಕ್ಷಣ ಗುರುತಿಸಿದ ಮಾತ್ರಕ್ಕೆ ಕಾರಣ ಸಿಕ್ಕಿತೆಂದು ತಿಳಿಯುವಂತಿಲ್ಲ, ಏಕೆಂದರೆ ಕಾರ್ಬೊರೇಟರಿಗೆ ಸಂಬಂಧವೇ ಇಲ್ಲದ ಭಾಗಗಳು ಅದರ ವೇಷ ಹಾಕಿಕೊಂಡು ಬರುತ್ತವೆ. ಇವುಗಳಲ್ಲಿ ನಿಸ್ಸೀಮ ಎಂದರೆ ಡಿಸ್ಟ್ರಿಬ್ಯೂಟರ್ ಒಳಗಿನ ಆಟೋ ಅಡ್ವಾನ್ಸ್. ಎಂಜಿನ್ ವೇಗ ಹೆಚ್ಚಿದಂತೆ ಎರಡು ಪುಟ್ಟ ತೂಕಗಳು ಹೊರಗೆ ಸರಿದು ಕಿಡಿಯನ್ನು ಮುಂದಕ್ಕೆ ತರುತ್ತವೆ, ವೇಗ ಇಳಿದಾಗ ಸ್ಪ್ರಿಂಗ್‌ಗಳು ಅವನ್ನು ಹಿಂದಕ್ಕೆ ಎಳೆಯುತ್ತವೆ. ಸ್ಪ್ರಿಂಗ್ ಹಿಗ್ಗಿದ್ದರೆ ಅಥವಾ ತೂಕದ ಪಿನ್ನು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ರೇಸ್ ಬಿಟ್ಟ ಮೇಲೂ ಟೈಮಿಂಗ್ ಮುಂದೆಯೇ ಉಳಿದು ಎಂಜಿನ್ ಮೇಲೆಯೇ ನೇತಾಡುತ್ತದೆ. ಮೇಲೆ ಹೇಳಿದ ಲೀನ್ ಲಕ್ಷಣಕ್ಕೂ ಇದಕ್ಕೂ ಹೊರಗಿನಿಂದ ವ್ಯತ್ಯಾಸವೇ ತಿಳಿಯದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಾಯಿಂಟ್ ಕ್ಯಾಮನ್ನು ಬೆರಳಿನಿಂದ ಅದು ಹೋಗುವ ದಿಕ್ಕಿಗೆ ತಿರುಗಿಸಿ ಬಿಟ್ಟಾಗ ಅದು ಚಟ್ಟನೆ ಹಿಂದಕ್ಕೆ ಬರಬೇಕು. ಸೋಮಾರಿಯಂತೆ ಬಂದರೆ ಅಥವಾ ಅರ್ಧದಲ್ಲೇ ನಿಂತರೆ ಕಾರ್ಬೊರೇಟರ್ ಬಿಚ್ಚುವ ಪ್ರಮೇಯವೇ ಇಲ್ಲ.

ಮುಚ್ಚಳ ತೆಗೆದಾಗಲೇ ಪಾಯಿಂಟಿನ ಗ್ಯಾಪನ್ನೂ ನೋಡಬಹುದು, 0.35ರಿಂದ 0.40 ಮಿಲಿಮೀಟರ್ ಇರಬೇಕು. ಮೊದಲು ಅದರ ಮುಖಗಳು ಸ್ವಚ್ಛವಾಗಿರಬೇಕು. ಇಲ್ಲಿ ಆಂಪ್ ಮೀಟರ್ ಮತ್ತೆ ಉಪಕಾರಕ್ಕೆ ಬರುತ್ತದೆ. ಕೀ ಆನ್ ಮಾಡಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಒತ್ತಿ ಹಿಡಿದು ಕಿಕ್ಕರನ್ನು ಕಾಲಿನಿಂದ ನಿಧಾನವಾಗಿ ಕೆಳಕ್ಕೆ ಇಳಿಸಿದರೆ ಪಾಯಿಂಟ್ ಸೇರಿದಾಗ ಮುಳ್ಳು ಮೈನಸ್ಸಿಗೆ ಬೀಳಬೇಕು, ತೆರೆದಾಗ ನೇರ ನಡುವಿಗೆ ಮರಳಬೇಕು. ಹಳಬರು ಗಾಡಿ ಸ್ಟಾರ್ಟ್ ಮಾಡುವ ಮುನ್ನ ಮುಳ್ಳು ನೋಡುವುದು ಇದಕ್ಕೇ. ಮುಳ್ಳು ಅರೆಮನಸ್ಸಿನಿಂದ ಅಲುಗಿದರೆ ಪಾಯಿಂಟ್ ಮುಖದಲ್ಲಿ ಕೊಳೆಯೋ ಎಣ್ಣೆಯೋ ಇದೆ.

ಇನ್ನು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಕೊಂಡಿಗಳ ಸಡಿಲಿನ ವಿಷಯ: ತಣ್ಣಗಿರುವ ಎಂಜಿನ್ನಿನಲ್ಲಿ, ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಯಲ್ಲಿರುವಾಗ, ಪುಶ್ ರಾಡ್ ಬೆರಳುಗಳ ನಡುವೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರದೆ ಐಡ್ಲಿಂಗ್ ಕೆಡುತ್ತದೆ. ಎಕ್ಸಲರೇಟರ್ ಕೇಬಲ್ಲನ್ನು ಪರೀಕ್ಷಿಸಲು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದರೆ ಸಾಕು. ಎಂಜಿನ್ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ. ಏರ್ ಫಿಲ್ಟರ್ ಸ್ವಚ್ಛವಾಗಿರಬೇಕು, ಟ್ಯೂನಿಂಗ್ ಮಾಡುವಾಗ ಅದು ಅದರ ಜಾಗದಲ್ಲೇ ಇರಬೇಕು. ಚೋಕಿನ ಪುಟ್ಟ ಪ್ಲಂಜರ್ ಪೂರ್ತಿ ಕೆಳಗೆ ಕೂರದಿದ್ದರೆ ಎಂಜಿನ್ ಸದಾ ಅರೆ ಚೋಕಿನಲ್ಲೇ ಓಡುತ್ತಿರುತ್ತದೆ, ಆಗ ಏರ್ ಸ್ಕ್ರೂ ಎಷ್ಟು ಹೊರಗೆ ತಿರುವಿದರೂ ರಿಚ್ ಲಕ್ಷಣ ಹೋಗುವುದಿಲ್ಲ.

ಇವೆಲ್ಲ ಸರಿಯಿದ್ದು ಲೀನ್ ಲಕ್ಷಣ ಉಳಿದರೆ ಮುಂದಿನ ಅನುಮಾನ ಕಾರ್ಬೊರೇಟರ್ ಮತ್ತು ಹೆಡ್ಡಿನ ನಡುವಿನ ಜೋಡಣೆಯ ಮೇಲೆ. ಕಾರ್ಬೊರೇಟರ್ ಹೆಡ್ಡಿಗೆ ಎರಡು ನಟ್ಟುಗಳಿಂದ ಕೂರುತ್ತದೆ. ಅದರ ಫ್ಲ್ಯಾಂಜ್, ಅಂದರೆ ಹೆಡ್ಡಿಗೆ ಅಂಟಿ ಕೂರುವ ಚಪ್ಪಟೆ ಮುಖ, ಮೃದು ಲೋಹದ್ದು. ಗಾಳಿ ಎಳೆಯುತ್ತಿದೆ ಎಂದು ಗೊತ್ತಾದಾಗ ಪ್ರತಿಯೊಬ್ಬರೂ ಮಾಡುವ ಕೆಲಸ ನಟ್ಟುಗಳನ್ನು ಇನ್ನಷ್ಟು ಬಿಗಿ ಮಾಡುವುದು, ಅದರಿಂದ ನಟ್ಟು ಕೂರುವ ಎರಡು ಕಿವಿಗಳು ಹೆಡ್ಡಿನ ಕಡೆಗೆ ಬಾಗಿ ನಡುವೆ ಇನ್ನಷ್ಟು ಸಂದು ಬೀಳುತ್ತದೆ. ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಜೋಡಣೆಯ ಸುತ್ತ ಸ್ಪ್ರೇ ಬಾಟಲಿಯಿಂದ ತುಸುವೇ ನೀರು ಚಿಮುಕಿಸಿ. ಸದ್ದು ಬದಲಾದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಬಿಸಿ ಎಂಜಿನ್ನಿನ ಮೇಲೆ ಸಿಂಪಡಿಸಿ ಪರೀಕ್ಷಿಸುವವರನ್ನೂ ನೋಡಿದ್ದೇನೆ. ಪ್ಲಗ್ಗಿನ ವೈರು ಅಷ್ಟು ಹತ್ತಿರವಿರುವಾಗ ಆ ಧೈರ್ಯ ಬೇಡ. ಫ್ಲ್ಯಾಂಜ್ ಬಾಗಿದ್ದರೆ ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ, ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ಒಂದೇ ಒತ್ತಡದಲ್ಲಿ ಎಂಟರ ಆಕಾರದಲ್ಲಿ ಉಜ್ಜಬೇಕು. ಮೊದಲ ಉಜ್ಜಿಗೆ ನಟ್ಟಿನ ಕಿವಿಗಳ ಸುತ್ತ ಮಾತ್ರ ಹೊಳಪು ಬರುತ್ತದೆ, ನಡುವಿನ ಉಂಗುರ ಮಾಸಲಾಗಿಯೇ ಇರುತ್ತದೆ. ಸಂದು ಎಲ್ಲಿತ್ತೆಂದು ಆಗ ಕಣ್ಣಿಗೇ ಕಾಣುತ್ತದೆ. ಮುಖವೆಲ್ಲ ಒಂದೇ ಹೊಳಪಿಗೆ ಬಂದ ಮೇಲೆ ಚೆನ್ನಾಗಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಎರಡೂ ನಟ್ಟುಗಳನ್ನು ಬದಲಿಸಿ ಬದಲಿಸಿ ಹದವಾಗಿ ಬಿಗಿಯಬೇಕು.

ಕಾರ್ಬೊರೇಟರ್ ಹೇಗೂ ಕೈಗೆ ಬಂದಿರುವುದರಿಂದ ಪೈಲಟ್ ಜೆಟ್ಟನ್ನು ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಅದರ ತೂತು ಸೂಜಿಯ ಮೊನೆಗಿಂತ ದೊಡ್ಡದಲ್ಲ. ಗಾಡಿ ಮಳೆಗಾಲವಿಡೀ ನಿಂತಿದ್ದರೆ ಒಣಗಿದ ಪೆಟ್ರೋಲಿನ ಅಂಟು ಅದನ್ನು ಅರೆಬರೆ ಮುಚ್ಚಿರುತ್ತದೆ. ಬೆಳಕು ಕಾಣುತ್ತದೆ, ಆದರೆ ದುಂಡಗೆ ಕಾಣುವುದಿಲ್ಲ. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹೊಡೆದು, ತೀರ ಅಗತ್ಯವಾದರೆ ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ಮೆಲ್ಲಗೆ ಹಾಯಿಸಬಹುದು. ಸೇಫ್ಟಿ ಪಿನ್ನಿನಿಂದಲೋ ಸೂಜಿಯಿಂದಲೋ ಚುಚ್ಚಿದರೆ ತೂತು ದೊಡ್ಡದಾಗುತ್ತದೆ, ಅಲ್ಲಿಗೆ ಜೆಟ್ಟಿನ ಮೇಲಿನ ನಂಬರಿಗೆ ಅರ್ಥವಿರುವುದಿಲ್ಲ. ಏರ್ ಸ್ಕ್ರೂ ಕೂರುವ ದಾರಿಗೂ, ಸ್ಲೈಡಿನ ಆಚೆಗಿರುವ ಪೈಲಟ್ ಬಾಯಿಗೂ ಗಾಳಿ ಹೊಡೆಯುವುದನ್ನು ಮರೆಯಬಾರದು. ಜೆಟ್ ಮಾತ್ರ ತೊಳೆದು ಈ ದಾರಿಗಳನ್ನು ಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ಈಗ ಸ್ಕ್ರೂ. ಗಾಡಿಯನ್ನು ಕನಿಷ್ಠ ಹತ್ತು ಹದಿನೈದು ನಿಮಿಷ ಓಡಿಸಿಕೊಂಡು ಬಂದು ಸೆಂಟರ್ ಸ್ಟ್ಯಾಂಡ್ ಹಾಕಬೇಕು. ನಿಂತಲ್ಲೇ ರೇಸ್ ಕೊಟ್ಟು ಬಿಸಿ ಮಾಡಿದ ಎಂಜಿನ್ ಈ ಕೆಲಸಕ್ಕೆ ಆಗದು. ಎಂಜಿನ್ ನಿಲ್ಲಿಸಿ ಏರ್ ಸ್ಕ್ರೂವನ್ನು ಒಳಗೆ ತಿರುವಿ, ತಳಕ್ಕೆ ತಾಗಿದ್ದು ಬೆರಳಿಗೆ ತಿಳಿದ ಕ್ಷಣವೇ ನಿಲ್ಲಿಸಬೇಕು. ಬಲ ಹಾಕಿದರೆ ಅದರ ಮೊನಚು ತುದಿಯೂ, ಅದು ಕೂರುವ ಜಾಗವೂ ಹಾಳಾಗುತ್ತವೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಿರುವಿ ಎಂಜಿನ್ ಚಾಲೂ ಮಾಡಿ, ದೊಡ್ಡ ಸ್ಕ್ರೂವಿನಿಂದ ಐಡ್ಲಿಂಗನ್ನು ಬೇಕಾದುದಕ್ಕಿಂತ ತುಸು ಮೇಲಿಡಿ. ಆಮೇಲೆ ಏರ್ ಸ್ಕ್ರೂವನ್ನು ಅರೆಪಾವಿನಷ್ಟು, ಅಂದರೆ ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುವಿ, ಕೈ ತೆಗೆದು, ಸದ್ದು ಹೊಸ ಮಟ್ಟಕ್ಕೆ ನೆಲೆಗೊಳ್ಳುವವರೆಗೆ ಕಾಯಬೇಕು. ಎಂಜಿನ್ ತಕ್ಷಣ ಉತ್ತರ ಕೊಡುವುದಿಲ್ಲ. ಆತುರಪಟ್ಟು ತಿರುವುತ್ತಾ ಹೋದರೆ ಹಿಂದಿನ ತಿರುವಿಗೆ ಬಂದ ಉತ್ತರವನ್ನು ಈಗಿನದೆಂದು ಭಾವಿಸುತ್ತೇವೆ. ಒಂದು ಕಡೆ ತಿರುವಿದಂತೆ ವೇಗ ಏರುತ್ತಾ ಹೋಗಿ, ಒಂದು ಜಾಗದಲ್ಲಿ ಗರಿಷ್ಠವಾಗಿ, ಅದನ್ನು ದಾಟಿದರೆ ಮತ್ತೆ ಇಳಿಯುತ್ತದೆ. ಆ ಗರಿಷ್ಠದ ಜಾಗದಲ್ಲಿ ಬಿಟ್ಟು, ದೊಡ್ಡ ಸ್ಕ್ರೂವಿನಿಂದ ವೇಗ ಇಳಿಸಿ, ಏರ್ ಸ್ಕ್ರೂವನ್ನು ಮತ್ತೊಮ್ಮೆ ಅತ್ತಿತ್ತ ಮಾಡಿ ನೋಡಬೇಕು, ಏಕೆಂದರೆ ಸ್ಲೈಡ್ ಇಳಿದಾಗ ಆ ಜಾಗ ತುಸು ಸರಿದಿರುತ್ತದೆ. ಕೊನೆಗೆ ರೇಸನ್ನು ಥಟ್ಟನೆ ಕೊಟ್ಟು ನೋಡಿ. ಎಂಜಿನ್ ಒಂದು ಕ್ಷಣ ತಡವರಿಸಿದರೆ ಏರ್ ಸ್ಕ್ರೂವನ್ನು ಎಂಟನೇ ಒಂದು ಸುತ್ತು ಒಳಗೆ ತಂದು ಅಲ್ಲಿಗೇ ಬಿಡುವುದು ನನ್ನ ರೂಢಿ. ಗಾಳಿಯಿಂದ ತಂಪಾಗುವ ಈ ಎಂಜಿನ್ನಿಗೆ ಚೂರು ರಿಚ್ ಇರುವುದೇ ಕ್ಷೇಮ.

ಗರಿಷ್ಠದ ಜಾಗ ಎಷ್ಟು ಸುತ್ತಿನಲ್ಲಿ ಸಿಕ್ಕಿತು ಎಂಬುದನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಬೇಕು. ಒಂದರಿಂದ ಎರಡೂವರೆ ಸುತ್ತಿನೊಳಗೆ ಸಿಕ್ಕರೆ ಪೈಲಟ್ ಜೆಟ್ ಸರಿಯಿದೆ. ಒಂದಕ್ಕಿಂತ ಕಡಿಮೆಗೆ ಬಂದು ನಿಂತರೆ, ಅಥವಾ ಸ್ಕ್ರೂ ಪೂರ್ತಿ ಒಳಗೆ ಹೋದರೂ ವೇಗ ಏರುತ್ತಲೇ ಇದ್ದರೆ, ಎಂಜಿನ್ ಇನ್ನಷ್ಟು ಪೆಟ್ರೋಲ್ ಕೇಳುತ್ತಿದೆ: ಜೆಟ್ ಕಟ್ಟಿದೆ, ಅಥವಾ ಚಿಕ್ಕದಾಗಿದೆ, ಇಲ್ಲವೇ ಎಲ್ಲೋ ಗಾಳಿ ಸೇರುತ್ತಿದೆ. ಎರಡೂವರೆ ದಾಟಿದರೆ ಜೆಟ್ ದೊಡ್ಡದಾಗಿದೆ, ಅಥವಾ ಕಾರ್ಬೊರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಮಟ್ಟ ಮೇಲಿದೆ. ಎಷ್ಟು ತಿರುವಿದರೂ ಎಂಜಿನ್ ಸದ್ದಿನಲ್ಲಿ ಬದಲಾವಣೆಯೇ ಇಲ್ಲದಿದ್ದರೆ ಪೈಲಟ್ ದಾರಿ ಪೂರ್ತಿ ಮುಚ್ಚಿದೆ, ಅಥವಾ ದೊಡ್ಡ ಸ್ಕ್ರೂವನ್ನು ಯಾರೋ ವಿಪರೀತ ಒಳಗೆ ತಿರುವಿ ಸ್ಲೈಡನ್ನು ಎತ್ತಿಟ್ಟಿದ್ದಾರೆ. ಆಗ ಎಂಜಿನ್ ಪೈಲಟ್ಟನ್ನು ಬಿಟ್ಟು ಮುಂದಿನ ದಾರಿಯಿಂದಲೇ ಪೆಟ್ರೋಲ್ ಕುಡಿಯುತ್ತಿರುತ್ತದೆ. ಸ್ಕ್ರೂ ತಿರುವಿ ಸರಿಪಡಿಸಿದ ಗಾಡಿಗಳಲ್ಲಿ ಈ ಕೊನೆಯ ಸ್ಥಿತಿಯನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಬರೆದಿಟ್ಟ ಸುತ್ತು ಎಲ್ಲ ಊರಿಗೂ ಹೊಂದುವುದಿಲ್ಲ. ನಾನಿರುವ ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿ ಹತ್ತಿರ ಹತ್ತಿರ ಶೇಕಡಾ 10ರಷ್ಟು ತೆಳು. ಜೆಟ್ಟಿಗೆ ಇದು ತಿಳಿಯುವುದಿಲ್ಲವಾದ್ದರಿಂದ ಮಿಶ್ರಣ ಸುಮಾರು ಶೇಕಡಾ 5ರಷ್ಟು ರಿಚ್ ಆಗುತ್ತದೆ. ಇಲ್ಲಿ ಹೊಂದಿಸಿದ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿದು ಕರಾವಳಿ ಸೇರಿದರೆ ಐಡ್ಲಿಂಗ್ ಲೀನ್ ಕಡೆಗೆ ವಾಲಿ, ರೇಸ್ ಬಿಟ್ಟ ಮೇಲೆ ನೇತಾಡುವ ಲಕ್ಷಣ ಕಾಣಿಸುತ್ತದೆ. ಇದರ ಜೊತೆಗೆ ಈಗ ಎಥನಾಲ್ ಸೇರಿಕೊಂಡಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಈ ಬೆರಕೆಗೆ ಸುಮಾರು 13.5 ಸಾಕು. ಅಂದರೆ ಶುದ್ಧ ಪೆಟ್ರೋಲಿನ ಕಾಲದಲ್ಲಿ ಆರಿಸಿದ ಜೆಟ್ಟಿನಿಂದ ಈಗ ಬರುವ ಮಿಶ್ರಣ ತಾನಾಗಿಯೇ ಲೀನ್. ಹೊಸ ಇಂಜೆಕ್ಷನ್ ಗಾಡಿಗಳಲ್ಲಿ ಆಮ್ಲಜನಕದ ಸೆನ್ಸರ್ ಇದನ್ನು ಗಮನಿಸಿ ಸರಿದೂಗಿಸುತ್ತದೆ. ಕಾರ್ಬೊರೇಟರಿಗೆ ಅಂಥ ಕಣ್ಣಿಲ್ಲ. ಮಲೆನಾಡಿನ ಎತ್ತರದಲ್ಲಿ ತೆಳು ಗಾಳಿಯ ರಿಚ್ಚೂ ಎಥನಾಲಿನ ಲೀನೂ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ ಎಂಬುದು ನಮ್ಮ ಅದೃಷ್ಟ. ಮಂಗಳೂರು, ಉಡುಪಿಯ ಕಡೆಯವರಿಗೆ ಆ ರಿಯಾಯಿತಿ ಇಲ್ಲ, ಅವರ ಏರ್ ಸ್ಕ್ರೂ ಒಂದು ಸುತ್ತಿಗಿಂತ ಒಳಗೆ ಹೋಗಿ ನಿಂತರೆ ಒಂದು ನಂಬರ್ ದೊಡ್ಡ ಪೈಲಟ್ ಜೆಟ್ ಹಾಕಿ ನೋಡುವುದು ಸರಿ. ಎಥನಾಲ್ ನೀರನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ನಿಲ್ಲಿಸಿಡುವ ಗಾಡಿಯ ಫ್ಲೋಟ್ ಚೇಂಬರನ್ನು ಬರಿದು ಮಾಡಿಡಬೇಕು.

ಜೆಟ್ಟೂ ಜೋಡಣೆಯೂ ಕಿಡಿಯೂ ಸರಿಯಾಗಿದ್ದು, ಏರ್ ಸ್ಕ್ರೂವಿಗೆ ಗರಿಷ್ಠದ ಜಾಗ ಸ್ಪಷ್ಟವಾಗಿ ಸಿಕ್ಕ ಮೇಲೂ ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ವಾಲ್ವಿನ ಕಾಂಡ ಆಡುವ ಕೊಳವೆಗಳಾದ ವಾಲ್ವ್ ಗೈಡುಗಳನ್ನು ಅನುಮಾನಿಸಬೇಕಾಗುತ್ತದೆ. ಗೈಡ್ ಸವೆದಾಗ ಇನ್‌ಲೆಟ್ ವಾಲ್ವಿನ ಕಾಂಡದ ಪಕ್ಕದಿಂದಲೇ ಗಾಳಿಯೂ ಎಣ್ಣೆಯೂ ಒಳಗೆ ಸೇರುತ್ತವೆ, ಹೊರಗೆ ಎಲ್ಲಿ ನೀರು ಚಿಮುಕಿಸಿದರೂ ಆ ಸೋರಿಕೆ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ರೇಸ್ ಮುಚ್ಚಿ ದೂರ ಇಳಿದು, ಕೆಳಗೆ ಮತ್ತೆ ರೇಸ್ ಕೊಟ್ಟಾಗ ನೀಲಿ ಹೊಗೆ ಬಂದರೆ ಅನುಮಾನ ಗಟ್ಟಿಯಾದಂತೆ. ಅದು ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವ ಕೆಲಸ. ಅಲ್ಲಿಂದ ಬರುವವರೆಗೆ ಕಾರ್ಬೊರೇಟರಿನ ಸ್ಕ್ರೂಗಳನ್ನು ಇದ್ದಲ್ಲೇ ಬಿಟ್ಟಿರುವುದು ಲೇಸು.